ಚುಕ್ಕೆ ಯಾರ ಕಡೆ

ನೆಲಮಹಡಿ, ಸ್ಕ್ಯಾನಿಂಗ್ ರೂಮು
ಜನವರಿ ೧೧

ತಂಗಿ ಎನಿಸಿಕೊಂಡವಳಿಗೆ,

ನಿನ್ನ ಹತ್ತಿರ ಬಾಯಿಬಿಟ್ಟು ಮಾತಾಡುವುದಿಲ್ಲ ಎಂದು ಆಣೆ ಮಾಡಿದ್ದೇನೆ. ಬರೆಯುವುದಿಲ್ಲ ಎಂದು ಮಾಡಿಲ್ಲ. ಇದನ್ನು ಲಿಫ್ಟಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ಈಸಿಕೊಳ್ಳುವಾಗ ಅವನೆಂದ: "ಡಾಕ್ಟರಮ್ಮಾ, ನಿಮ್ಮ ತಂಗಿ ಇರೋದು ಮೂರನೇ ಮಹಡೀಲಿ, ಮೂರನೇ ಲೋಕದಲ್ಲಲ್ಲ." ಅವನಿಗೇನು ಗೊತ್ತು.

ನನ್ನ ರೂಮಿಗೆಂದು ಬಂದ ಹೊಸ ಸ್ಕ್ಯಾನ್ ಮೆಷಿನ್ನಿನ ಚಕ್ರಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ಅಷ್ಟರಲ್ಲಿ ದೊಡ್ಡ ಡಾಕ್ಟರ ಸಹಿ ತಂದು ನನ್ನ ಮುಖಕ್ಕೆ ಹಿಡಿದೆ. ಮಧ್ಯಾಹ್ನದವರೆಗೆ ಸ್ಕ್ಯಾನಿಂಗ್ ರೂಮಿಗೆ, ಆಮೇಲೆ ನಿನ್ನ ಐಸಿಯುಗೆ. ಎರಡು ಮನೆ ಬಾಳುವ ಆ ವಸ್ತುವಿಗೆ ನನ್ನ ರೂಮಿನ ಕೆಲಸದ ಹುಡುಗಿಯರು ಆಗಲೇ ಹೆಸರಿಟ್ಟಿದ್ದಾರೆ: ಸವತಿ. ಚಕ್ರ ಕಿರುಗುಟ್ಟುತ್ತ ಅದು ಲಿಫ್ಟಿನ ಕಡೆ ಹೊರಟಾಗ, "ಹೊರಟಳು ನೋಡು ಗಂಡನ ಮನೆಗೆ" ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಚಿಕ್ಕಂದಿನಿಂದ ನಿನ್ನ ಚಾಳಿ ಇದು. ನನ್ನ ಬಳಪ, ನನ್ನ ರಿಬ್ಬನ್ನು, ನನ್ನ ಸೈಕಲ್ಲು. ಈಗ ಬುಗುರಿ. ಜಡೆ ಹೆಣೆದುಕೊಳ್ಳಲೂ ಪುರುಸೊತ್ತಿಲ್ಲದೆ ಗಿರಗಿರ ಸುತ್ತುವ ಆ ನರ್ಸಿಗೆ ಬುಗುರಿ ಎಂದು ಹೆಸರಿಟ್ಟವಳು ನಾನು. ನನ್ನ ಕತ್ತಲೆ ಕೋಣೆಯಲ್ಲಿ ಪಕ್ಕಕ್ಕೆ ನಿಂತು, ಪಿತ್ತಕೋಶ ಯಾವುದು ಮೂತ್ರಪಿಂಡ ಯಾವುದು ಎಂದು ಕೇಳಿ ಕೇಳಿ ನನ್ನ ತಲೆ ತಿಂದವಳು. ನಿನ್ನ ವಾರ್ಡಿಗೆ ವರ್ಗವಾಗಿ ಹೋದವಳು ನಿನ್ನೆ ಮೆಟ್ಟಿಲ ಮೇಲೆ ಸಿಕ್ಕಳು. ನಿನ್ನನ್ನು ಅಕ್ಕ ಅನ್ನುತ್ತಾಳಂತೆ. ನನ್ನನ್ನು ಮೇಡಂ ಅಂದಳು. ಅಷ್ಟೇ. ಏನೂ ಇಲ್ಲ.

ಇನ್ನೊಂದು ಮಾತು. ನಿನ್ನ ವಾರ್ಡಿನಿಂದ ಮೆಷಿನ್ ಕೆಳಗಿಳಿದಾಗಲೆಲ್ಲ ಮೈಮೇಲೆ ಆಡಿಸುವ ಪ್ರೋಬಿನ ಗುರುತಿನ ಅಂಚು ತೆರೆಯಲ್ಲಿ ಯಾವ ಕಡೆ ಎಂದು ತೋರಿಸುವ ಚುಕ್ಕೆ ಎಡಕ್ಕೆ ಹೋಗಿರುತ್ತದೆ. ನನ್ನ ಬೆಳಗೆಲ್ಲ ಹೃದಯದ ಸ್ಕ್ಯಾನು. ಹೃದಯ ನೋಡುವವರಿಗೆ ಚುಕ್ಕೆ ಬಲಗಡೆ ಇರಬೇಕು, ಅದು ನಮ್ಮ ಕಸುಬಿನ ರೂಢಿ. ಎಲ್ಲಿತ್ತೋ ಅಲ್ಲೇ ಇಟ್ಟು ಕಳಿಸು.

ಬೇರೆ ದಾರಿಯಿಲ್ಲದೆ ನಿನ್ನವಳಾದ
ಅಕ್ಕ


ಮೂರನೇ ಮಹಡಿ, ಐಸಿಯು
ಜನವರಿ ೧೫

ಅಕ್ಕ,

ಹೆಡ್‌ಮೇಷ್ಟ್ರ ಕಾಗದ ತಲುಪಿತು. ಬಳಪ ನಾನು ಕದ್ದಿಲ್ಲ. ನೀನೇ ತಿಂದೆ. ಅಮ್ಮನನ್ನು ಕೇಳು.

ಮೆಷಿನ್ ಯಾಕೆ ಮೇಲಕ್ಕೆ ತಂದೆ ಎಂಬುದು ನಿನಗೆ ಗೊತ್ತು. ಗೊತ್ತಿದ್ದೂ ಬರೆದಿಲ್ಲ. ಹಾಗಾದರೆ ನಾನು ಬರೆಯುತ್ತೇನೆ. ಗಾರೆ ಕೆಲಸದ ಆ ಹೆಂಗಸು, ಸಾರುವೆಯಿಂದ ಬಿದ್ದವಳು. ರಕ್ತದೊತ್ತಡ ಕೈಗೆ ಸಿಗುತ್ತಿರಲಿಲ್ಲ, ಕತ್ತಿನ ನರ ಉಬ್ಬಿ ನಿಂತಿತ್ತು. ಸ್ಕ್ಯಾನ್ ಬೇಕು ಅಂದೆವು. ನಿನ್ನ ರೂಮಿನಿಂದ ಬಂದ ಉತ್ತರ: ಕೆಳಗೆ ಕರೆತನ್ನಿ. ಹಳೆ ಮೆಷಿನ್ನು ಗೂಟಕ್ಕೆ ಕಟ್ಟಿದ ಎಮ್ಮೆ, ಅದು ಮೇಲೆ ಬರುವಂತಿರಲಿಲ್ಲ, ಒಪ್ಪಿದೆ. ಮಂಚ, ಸಿಲಿಂಡರು, ಮೂರು ಜನ, ಎಲ್ಲವನ್ನೂ ಲಿಫ್ಟಿಗೆ ತುರುಕಿದೆವು. ಒಂದು ಮಹಡಿ ಇಳಿಯುವಷ್ಟರಲ್ಲಿ ಅವಳು ಹೋದಳು. ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಹೃದಯವನ್ನೇ ಹಿಸುಕಿತ್ತು. ಮಂಚದ ಪಕ್ಕದಲ್ಲೇ ಎದೆಯ ಮೇಲೆ ಪ್ರೋಬ್ ಇಡುವಂತಿದ್ದರೆ ಒಂದು ನೋಟ, ಒಂದು ಸೂಜಿ.

ಕಾಯಿಲೆಯವರು ಸ್ಕ್ಯಾನಿನ ಬಾಗಿಲಿಗೆ ಹೋಗಬೇಕೋ, ಸ್ಕ್ಯಾನೇ ಕಾಯಿಲೆಯವರ ಮಂಚಕ್ಕೆ ಬರಬೇಕೋ? ಮುಷ್ಕರದ ದಿನಗಳಲ್ಲಿ ಫ್ಯಾಕ್ಟರಿ ಗೇಟಿನ ಮುಂದೆ ನಿಂತು ಅಪ್ಪ ಕೇಳುತ್ತಿದ್ದದ್ದೂ ಇಂಥದೇ ಪ್ರಶ್ನೆ. ಅವನ ಭಾಷಣಕ್ಕೆ ಮೊದಲು ಚಪ್ಪಾಳೆ ಹೊಡೆಯುತ್ತಿದ್ದವಳು ನೀನು.

ಚುಕ್ಕೆಯ ವಿಷಯ. ಹೃದಯದವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ, ಶ್ವಾಸಕೋಶಕ್ಕೆ, ಹೊಟ್ಟೆಗೆ, ಕತ್ತಿನ ನಾಳಕ್ಕೆ, ಚುಕ್ಕೆ ಎಡಕ್ಕೇ. ಅದು ಬಲಕ್ಕಿದ್ದರೆ ನಮ್ಮ ಚಿತ್ರವೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಮೇಲಕ್ಕೆ ಕಳಿಸುವಾಗ ನೀನೇ ಎಡಕ್ಕಿಟ್ಟು ಕಳಿಸು.

ನಿನ್ನ
ಬಳಪಗಳ್ಳಿ


ನೆಲಮಹಡಿ
ಫೆಬ್ರವರಿ ೨೩

ಬಳಪಗಳ್ಳಿಗೆ,

ಗಾರೆಯವಳ ಮಾತೆತ್ತಿದೆ. ಎತ್ತಬಾರದಿತ್ತು ಎಂದು ನಾನು ಹೇಳುವ ಹಾಗಿಲ್ಲ. ಅದಕ್ಕೇ ತಿಂಗಳು ಕಳೆದು ಬರೆಯುತ್ತಿದ್ದೇನೆ.

ನನ್ನ ರೂಮಿನ ಹೊರಗಿನ ಬೆಂಚು ನೋಡಿದ್ದೀಯಾ? ಮೊದಲು ಅಲ್ಲಿ ಕೂರಲು ಜಾಗವಿರುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಈಗ ಅದರ ಮೇಲೆ ಒಂದು ಬೆಕ್ಕು ಮಲಗುತ್ತದೆ. ಮೇಲಿನಿಂದ ಸುದ್ದಿ ಮಾತ್ರ ಇಳಿಯುತ್ತದೆ: ಐಸಿಯುವಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಶ್ವಾಸಕೋಶ ನೋಡಿಬಿಟ್ಟರಂತೆ, ಹೃದಯ ನೋಡಿಬಿಟ್ಟರಂತೆ. ನೀವು ನೋಡುವುದು ಬೀಗದ ಕಂಡಿಯಲ್ಲಿ ಕಣ್ಣಿಟ್ಟು. ಮನೆಯೊಳಗೆ ಯಾರಾದರೂ ಇದ್ದಾರಾ ಎಂದು ಹೇಳಬಲ್ಲಿರಿ. ಏನು ಬೇಯಿಸುತ್ತಿದ್ದಾರೆ ಎಂದು ಹೇಳಲು ಒಳಗೆ ಕಾಲಿಡಬೇಕು. ಅದಕ್ಕೆ ನಾನು ವರ್ಷಗಟ್ಟಲೆ ಕಣ್ಣು ಸವೆಸಿದ್ದೇನೆ.

ಮೊನ್ನೆ ಊಟದ ಹೊತ್ತಿನಲ್ಲಿ ನಾನು ಮೇಲೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ಬಾಗಿಲ ಗಾಜಿನಿಂದ ನೋಡಿದೆ. ಮಂಚದ ಸುತ್ತ ನರ್ಸುಗಳ ತಲೆ. ಪ್ರೋಬ್ ಬುಗುರಿಯ ಕೈಯಲ್ಲಿ, ಅವಳ ಕೈಯ ಮೇಲೆ ನಿನ್ನ ಕೈ. ಆ ಕೈಯ ಮೇಲೆ ಇರಬೇಕಾಗಿದ್ದ ಕೈ ನನ್ನದು. ಅವಳಿಗೆ ಮೊದಲ ಅಕ್ಷರ ತಿದ್ದಿಸಿದವಳು ನಾನು. ಮೆಟ್ಟಿಲಿಳಿದೇ ಬಂದೆ. ಆ ಲಿಫ್ಟಿನವನ ಮುಖ ನೋಡಲು ಮನಸ್ಸಾಗಲಿಲ್ಲ.

ನರ್ಸುಗಳಿಗೆ ಕತ್ತಿನ ನಾಳಕ್ಕೆ ಸೂಜಿ ಹಾಕುವುದನ್ನೂ ಕಲಿಸುತ್ತಿದ್ದೀಯಂತೆ. ಇದು ಸರಿಯಲ್ಲ. ಎಲ್ಲದಕ್ಕೂ ಒಂದು ಓದು, ಒಂದು ಪದ್ಧತಿ ಇದೆ.

ಅಮ್ಮನಿಗೆ ಇದನ್ನೆಲ್ಲ ಹೇಳಿಕೊಂಡೆ. ಕೇಳಿ ಮುಗಿಸಿ, "ಅಲ್ಲಾ ಕಣೇ, ಹೊಟ್ಟೆ ಸ್ಕ್ಯಾನ್ ಮಾಡಿದ್ರೆ ಅದರೊಳಗಿನ ಕಿಚ್ಚೂ ಕಾಣುತ್ತೇನೇ?" ಅಂದಳು. ಅವಳು ಯಾವತ್ತೂ ನಿನ್ನ ಕಡೆಯೇ.

ರಿಪೇರಿಯವನನ್ನು ಕರೆಸಿ ಮೆಷಿನ್ನಿನ ಮೂಲ ವ್ಯವಸ್ಥೆಯನ್ನೇ ಬದಲಾಯಿಸಿದ್ದೇನೆ. ಇನ್ನು ಯಾವಾಗ ಸ್ವಿಚ್ ಒತ್ತಿದರೂ ಚುಕ್ಕೆ ಬಲಕ್ಕೇ ಏಳುತ್ತದೆ. ಬೇಕಾದರೆ ನೀನು ದಿನಾ ತಿರುಗಿಸಿಕೊ.

ಅಕ್ಕ


ಮೂರನೇ ಮಹಡಿ
ಮಾರ್ಚ್ ೬

ಅಕ್ಕ,

ನಾನೂ ಅದೇ ರಿಪೇರಿಯವನನ್ನು ಕರೆಸಿ ಎಡಕ್ಕೆ ಮಾಡಿಸಿದೆ. ಹೋಗುವಾಗ ಅವನೆಂದ: "ಮೆಷಿನ್ನಿಗೆ ಏನೂ ಆಗಿಲ್ಲ ಮೇಡಂ, ನಿಮ್ಮಿಬ್ಬರಿಗೇ ಒಂದ್ಸಲ ಸರ್ವಿಸ್ ಮಾಡಿಸ್ಬೇಕು."

ಪದ್ಧತಿ ಅಂದೆಯಲ್ಲ, ಅದಕ್ಕೆ ಉತ್ತರ ಹೇಳುತ್ತೇನೆ. ಫ್ಯಾಕ್ಟರಿ ಸಾಹೇಬರ ಕ್ವಾರ್ಟರ್ಸಿನ ನಲ್ಲಿಯಲ್ಲಿ ಅಮ್ಮ ಕೊಡ ಇಟ್ಟ ದಿನ ಆ ಮನೆಯಾಕೆ ಕೊಡವನ್ನು ಕಾಲಲ್ಲಿ ಸರಿಸಿ ಹೇಳಿದ್ದೂ ಇದೇ: ಎಲ್ಲದಕ್ಕೂ ಒಂದು ಪದ್ಧತಿ ಇದೆ. ಬಾಯಿಗೆ ಬಂದದ್ದು ಬೈದು ಕೊಡವನ್ನು ಮತ್ತೆ ನಲ್ಲಿಗೆ ಇಟ್ಟವಳು ನೀನು, ಆಗ ನಿನಗೆ ಲಂಗ ಕಟ್ಟಿಕೊಳ್ಳಲೂ ಸರಿಯಾಗಿ ಬರುತ್ತಿರಲಿಲ್ಲ. ಈಗ ನಲ್ಲಿಯ ಪಕ್ಕ ನಿಂತವಳೂ ನೀನೇ. ಡಾಕ್ಟರು ಬರುವವರೆಗೆ ಮಂಚದ ಪಕ್ಕ ಇರುವವಳು ನರ್ಸು. ಸಾಯುವವರು ನಮಗಾಗಿ ಕಾಯುವುದಿಲ್ಲ.

ಕತ್ತಿನ ಪಾಠ ಹೇಗೆ ನಡೆಯುತ್ತದೆ ಕೇಳು, ಹೊಟ್ಟೆ ಇನ್ನಷ್ಟು ಉರಿಯಲಿ. ಕತ್ತಿನಲ್ಲಿ ಎರಡು ನಾಳ ಅಕ್ಕಪಕ್ಕ, ತೆರೆಯ ಮೇಲೆ ಎರಡು ಕಪ್ಪು ಬಿಲ್ಲೆ. ಸೂಜಿ ಹೋಗಬೇಕಾದ್ದು ಅಭಿಧಮನಿಗೆ. ಪ್ರೋಬಿನಿಂದ ಒತ್ತಿದರೆ ಅದು ಚಪ್ಪಟೆಯಾಗಿ ಮಲಗುತ್ತದೆ. ಮುಟ್ಟಬಾರದ್ದು ಅಪಧಮನಿ, ಅದು ಒತ್ತಿದರೂ ಗುಂಡಗೆ ನಿಂತು ಮಿಡಿಯುತ್ತದೆ. ಇಷ್ಟು ಹೇಳುವಷ್ಟರಲ್ಲಿ ಬುಗುರಿ, "ಅಂದ್ರೆ ಒತ್ತಿದ್ರೆ ಮಲಗೋಳು ಸೊಸೆ, ಒತ್ತಿದ್ರೂ ಬಗ್ಗದೋಳು ಅತ್ತೆ" ಎಂದಳು. ಅಲ್ಲಿಂದ ನಮ್ಮ ವಾರ್ಡಿನಲ್ಲಿ ಅವೇ ಹೆಸರು.

ಹೋದ ವಾರ ಉಸಿರು ಕಟ್ಟಿಕೊಂಡು ಒಬ್ಬ ಮುದುಕ ಬಂದ. ಆಸ್ತಮಾ ಎಂದು ಚೀಟಿ. ನಾನು ಬರುವಷ್ಟರಲ್ಲಿ ಬುಗುರಿ ಎದೆಯ ಮೇಲೆ ಪ್ರೋಬ್ ಇಟ್ಟು ನಿಂತಿದ್ದಳು. "ಅಕ್ಕ, ಈ ಕಡೆ ಶ್ವಾಸಕೋಶ ಜಾರ್ತಾ ಇಲ್ಲ, ನೋಡಿ." ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಸಿದಿತ್ತು. ಸೂಜಿ ಹಾಕಿದೆ, ಬುಸ್ ಎಂದು ಗಾಳಿ ಹೊರಬಂತು, ಮುದುಕ ನೀರು ಕೇಳಿದ. ಭೇಷ್, ಯಾರೇ ನಿನಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದು ಎಂದು ಕೇಳಿದೆ, ನನ್ನ ಹೆಸರು ಬರುತ್ತದೆಂದು. "ಕೆಳಗಿನ ಮೇಡಂ" ಅಂದಳು. ಅವತ್ತು ನನಗೆ ಊಟ ಸೇರಲಿಲ್ಲ. ಇದನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ.

ತಂಗಿ


ಮೂರನೇ ಮಹಡಿ
ಏಪ್ರಿಲ್ ೧೯

ಅಕ್ಕ,

ಬೈಯುವುದಕ್ಕೆ ಮೊದಲು ಪೂರ್ತಿ ಓದು. ಒಬ್ಬ ಲೇತ್ ಕೆಲಸದವನು, ಹೊಟ್ಟೆಯ ಸೋಂಕು ರಕ್ತಕ್ಕೇರಿ ಬಂದಿದ್ದ. ರಕ್ತದೊತ್ತಡ ತೀರಾ ಕೆಳಗೆ. ನಾನು ಇನ್ನೊಂದು ಮಂಚದಲ್ಲಿ ನಿಂತ ಹೃದಯವನ್ನು ಒತ್ತುತ್ತಿದ್ದೆ, ಬಿಡುವಂತಿರಲಿಲ್ಲ. "ಕತ್ತಿನ ನಾಳ ನೀನೇ ಹಿಡಿ" ಎಂದು ಬುಗುರಿಗೆ ಕೂಗಿದೆ. ನಾನು ಕೂಗಿದ್ದು, ಅವಳಾಗಿ ಕೈ ಹಾಕಿದ್ದಲ್ಲ.

ಮೆಷಿನ್ ಆಗಷ್ಟೇ ಕೆಳಗಿನಿಂದ ಬಂದಿತ್ತು. ಚುಕ್ಕೆ ಮತ್ತೆ ಬಲಕ್ಕಿತ್ತು. ತಲೆಯ ಕಡೆ ನಿಂತು ನೋಡುವವರಿಗೆ ಬಲಗತ್ತಿನಲ್ಲಿ ಸೊಸೆ ತೆರೆಯ ಬಲಗಡೆ ಕಾಣಬೇಕು. ಕನ್ನಡಿಯಂತೆ ತಿರುಗಿದ ಚಿತ್ರದಲ್ಲಿ ಬಲಗಡೆ ಕೂತದ್ದು ಅತ್ತೆ. ಬುಗುರಿ ಒತ್ತಿ ನೋಡಿದ್ದಾಳೆ. ಆದರೆ ಒತ್ತಡವೇ ಇಲ್ಲದ ಮೈಯಲ್ಲಿ ಅತ್ತೆಯೂ ಮಲಗಿಬಿಟ್ಟಳು. ಅದನ್ನೇ ತೆರೆಯ ನಡುವಿಗೆ ತಂದು ಚುಚ್ಚಿದ್ದಾಳೆ. ರಕ್ತ ಸೋರಿ ಕತ್ತು ಊದಿ ಶ್ವಾಸನಾಳವನ್ನು ಒತ್ತಿತು, ನಾನು ಓಡಿಬಂದು ಗಂಟಲಿಗೆ ಕೊಳವೆ ಹಾಕಬೇಕಾಯಿತು. ಬದುಕಿದ್ದಾನೆ. ಬದುಕುತ್ತಾನೆ.

ದೊಡ್ಡ ಡಾಕ್ಟರು ಅವಳನ್ನು ಮನೆಗೆ ಕಳಿಸಿದ್ದಾರೆ. ವಿಚಾರಣೆಯಂತೆ. ಅವರ ಮುಖ ನೋಡಿದರೆ ತೀರ್ಪು ಆಗಲೇ ಆಗಿದೆ. ಕೆಲಸ ಹೋಗುತ್ತದೆ, ಹೋದರೆ ಬೇರೆ ಯಾವ ಆಸ್ಪತ್ರೆಯೂ ಅವಳನ್ನು ಹತ್ತಿರ ಸೇರಿಸುವುದಿಲ್ಲ.

ಆ ಚುಕ್ಕೆ ಯಾಕೆ ಅಲ್ಲಿತ್ತು ಎಂಬುದು ಈ ಕಟ್ಟಡದಲ್ಲಿ ಇಬ್ಬರಿಗೆ ಗೊತ್ತು.

ತಂಗಿ


ನೆಲಮಹಡಿ
ಏಪ್ರಿಲ್ ೨೪

ತಂಗಿ,

ವಿಚಾರಣೆಯವರ ಮುಂದೆ ಹೋಗಿ ಬಂದೆ. ಚುಕ್ಕೆ ತಿರುಗಿಸಿದವಳು ನಾನು, ಬೇಕೆಂದೇ ತಿರುಗಿಸಿದೆ, ತಂಗಿಯ ಮೇಲಿನ ಹೊಟ್ಟೆಕಿಚ್ಚಿಗೆ ತಿರುಗಿಸಿದೆ ಎಂದು ಹೇಳಿದೆ. ಹೊಟ್ಟೆಕಿಚ್ಚು ಎಂದು ಬರೆದುಕೊಳ್ಳಬೇಕೋ ಬೇಡವೋ ಎಂದು ಗುಮಾಸ್ತ ನನ್ನ ಮುಖ ನೋಡಿದ. ದಪ್ಪಕ್ಷರದಲ್ಲಿ ಬರಿ ಅಂದೆ.

ತಪ್ಪು ನನ್ನದು. ಬುಗುರಿಗೆ ನಾನು ಹೊಣೆ. ನೀನು ಇದರಲ್ಲಿ ತಲೆ ಹಾಕಬೇಡ.

ಅಕ್ಕ


ಮೂರನೇ ಮಹಡಿ
ಏಪ್ರಿಲ್ ೨೬

ಅಕ್ಕ,

ತಲೆ ಹಾಕಬೇಡವೇ? ನಿನಗಿಂತ ಮೊದಲೇ ನಾನು ಅಲ್ಲಿ ಹೇಳಿ ಬಂದಿದ್ದೆ. ಪಕ್ಕದಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದೆ ಅವಳ ಕೈಗೆ ಸೂಜಿ ಕೊಟ್ಟವಳು ನಾನು. ಮೆಷಿನ್ ವಾರ್ಡಿಗೆ ಬಂದ ಕೂಡಲೇ ಚುಕ್ಕೆ ನೋಡಬೇಕಾದವಳು ನಾನು. ನೋಡಲಿಲ್ಲ ಯಾಕೆ ಗೊತ್ತಾ? ಯಾವಾಗಲೂ ನಾನೇ ಯಾಕೆ ತಿರುಗಿಸಲಿ, ಅಕ್ಕನೇ ಸೋಲಲಿ ಎಂಬ ಹಟಕ್ಕೆ. ತಪ್ಪಿನಲ್ಲೂ ದೊಡ್ಡ ಪಾಲು ಹಿರಿಯಳಿಗೇ ಬೇಕೇನು? ಈ ಸಲ ಕೊಡುವುದಿಲ್ಲ.

ದೊಡ್ಡ ಡಾಕ್ಟರು ತಲೆ ಹಿಡಿದುಕೊಂಡು ಕೂತಿದ್ದರಂತೆ. "ಇಷ್ಟು ವರ್ಷದಲ್ಲಿ ತಪ್ಪು ನಂದಲ್ಲ ಅನ್ನೋರನ್ನ ನೋಡಿದೀನಿ. ನಂದು ನಂದು ಅಂತ ಕಿತ್ತಾಡೋರನ್ನ ಇದೇ ಮೊದಲು ನೋಡ್ತಿರೋದು."

ತಂಗಿ


ಮೂರನೇ ಮಹಡಿ
ಮೇ ೧೭

ಅಕ್ಕ,

ಬುಗುರಿ ಕೆಲಸಕ್ಕೆ ಮರಳಿದಳು. ಅವಳದೇನೂ ತಪ್ಪಿಲ್ಲವೆಂದು ಬರೆದು ಕೊಟ್ಟಿದ್ದಾರೆ. ನಮ್ಮಿಬ್ಬರಿಗೂ ಎಚ್ಚರಿಕೆಯ ಪತ್ರ ಬಂದಿದೆ, ನಿನ್ನದು ನನ್ನದಕ್ಕಿಂತ ಒಂದು ಸಾಲು ಉದ್ದ ಎಂದು ಲಿಫ್ಟಿನವನು ಹೇಳಿದ. ಅವನಿಗೆ ಹೇಗೆ ಗೊತ್ತಾಯಿತೋ.

ಅದರ ಜೊತೆಗೇ ವಾರ್ಡಿನ ಗೋಡೆಗೆ ಇನ್ನೊಂದು ಕಾಗದ ಅಂಟಿಸಿದ್ದಾರೆ: ಇನ್ನು ಮುಂದೆ ನರ್ಸುಗಳು ಮೆಷಿನ್ ಮುಟ್ಟಕೂಡದು. ಬುಗುರಿ ಅದನ್ನು ಓದಿದಳು, ಮತ್ತೊಮ್ಮೆ ಓದಿದಳು, ಔಷಧದ ಟ್ರಾಲಿ ತಳ್ಳಿಕೊಂಡು ಹೋದಳು. ನಾನು ಏನಾದರೂ ಹೇಳಬೇಕಿತ್ತು. ಕೆಲಸ ಉಳಿಯಿತಲ್ಲ ಅಂದೆ.

ತಂಗಿ


ಮೂರನೇ ಮಹಡಿ, ನರ್ಸುಗಳ ಕೋಣೆ
ಜೂನ್ ೮

ಇಬ್ಬರು ಡಾಕ್ಟರರಿಗೆ,

ಇಬ್ಬರಿಗೂ ಒಂದೇ ಕಾಗದ ಬರೆಯುತ್ತಿದ್ದೇನೆ. ಒಬ್ಬರು ಓದಿ ಇನ್ನೊಬ್ಬರಿಗೆ ಕೊಡಿ. ಆ ನೆಪದಲ್ಲಾದರೂ ಎದುರುಬದುರು ನಿಲ್ಲುತ್ತೀರಿ.

ಚುಕ್ಕೆ ಅಲ್ಲಿದ್ದದ್ದು ನಿಮ್ಮ ಜಗಳದಿಂದ. ಸರಿ. ಸೂಜಿ ಯಾರ ಕೈಯಲ್ಲಿತ್ತು? ಚುಚ್ಚುವ ಮೊದಲು ಪ್ರೋಬಿನ ಒಂದು ಅಂಚನ್ನು ಬೆರಳಿಂದ ತಟ್ಟು, ತೆರೆಯಲ್ಲಿ ಯಾವ ಕಡೆ ಅಲುಗುತ್ತದೋ ನೋಡು ಎಂದು ಕೆಳಗಿನ ಮೇಡಂ ನನಗೆ ಕಲಿಸಿದ್ದರು. ಐಸಿಯುವಿನ ಅಕ್ಕನೂ ಕಲಿಸಿದ್ದರು. ಅವತ್ತು ನಾನು ತಟ್ಟಲಿಲ್ಲ. ಅಕ್ಕನ ಕೂಗು ಕಿವಿಗೆ ಬಿದ್ದದ್ದೇ ಹಿಗ್ಗಿಹೋದೆ, ಕೈ ಅವಸರ ಮಾಡಿತು. ಅದು ನನ್ನ ತಪ್ಪು, ನಿಮ್ಮಿಬ್ಬರದೂ ಅಲ್ಲ.

ನೀವು ಮೊದಲು ಮೆಷಿನ್ನಿಗೆ ಕಿತ್ತಾಡಿದಿರಿ, ಆಮೇಲೆ ನನಗೆ ಕಿತ್ತಾಡಿದಿರಿ, ಕೊನೆಗೆ ನನ್ನ ತಪ್ಪನ್ನೂ ಬಿಡಲಿಲ್ಲ. ಅದನ್ನೂ ಹಂಚಿಕೊಂಡು ಹೋದಿರಿ. ನನಗೇನು ಉಳಿಯಿತು ಗೊತ್ತಾ? ದೊಡ್ಡ ಡಾಕ್ಟರು ಕರೆದು ಬೆನ್ನು ತಟ್ಟಿದರು. "ನಿನ್ನದೇನೂ ತಪ್ಪಿಲ್ಲಮ್ಮ, ಪಾಪ, ನಿನಗೇನು ಗೊತ್ತಾಗುತ್ತೆ." ಕೆಲಸ ಕಿತ್ತುಕೊಂಡಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಟ್ರಾಲಿಗೂ ಗೊತ್ತಾಗುವುದಿಲ್ಲ, ಮಂಚಕ್ಕೂ ಗೊತ್ತಾಗುವುದಿಲ್ಲ, ಅವುಗಳಿಂದಲೂ ತಪ್ಪಾಗುವುದಿಲ್ಲ. ನನ್ನನ್ನು ಅವುಗಳ ಸಾಲಿಗೆ ಸೇರಿಸಿ ನೀವು ಕಾಪಾಡಿದಿರಿ.

ಲೇತಿನಣ್ಣನ ಮಂಚಕ್ಕೆ ನಾನೇ ಹೋಗಿ ಹೇಳಿದೆ, ಚುಚ್ಚಿದ್ದು ನಾನು, ತಪ್ಪಿದ್ದು ನಾನು ಎಂದು. ಕತ್ತಿನ ಬ್ಯಾಂಡೇಜಿನ ಮೇಲೆ ಕೈಯಿಟ್ಟುಕೊಂಡ. "ಹೋಗ್ಲಿ ತಂಗಿ. ಇನ್ನೊಂದ್ಸಲ ಚುಚ್ಚೋದಿದ್ರೆ ಮೊದ್ಲು ಸರಿಯಾಗಿ ಕಲ್ತು ಬಾ" ಅಂದ. ಇಡೀ ಆಸ್ಪತ್ರೆಯಲ್ಲಿ ನನ್ನನ್ನು ಕಲಿಯಬಲ್ಲವಳು ಎಂದು ಲೆಕ್ಕಕ್ಕೆ ಹಿಡಿದವನು ಅವನೊಬ್ಬ, ನನ್ನ ಕೈಯಲ್ಲಿ ಸಾಯಬೇಕಾಗಿದ್ದವನು.

ಅದಕ್ಕೇ ನಿನ್ನೆಯಿಂದ ನಾವು ದೊಡ್ಡ ಡಾಕ್ಟರ ಬಾಗಿಲಲ್ಲಿ ಕೂತಿದ್ದೇವೆ. ಪಾಳಿ ಮುಗಿದವರು ಕೂರುತ್ತಾರೆ, ಪಾಳಿಯವರು ಕೆಲಸ ಮಾಡುತ್ತಾರೆ. ಒಬ್ಬ ಕಾಯಿಲೆಯವರಿಗೂ ತೊಂದರೆ ಇಲ್ಲ. ಕೇಳುವುದು ಇಷ್ಟೇ. ನನ್ನ ತಪ್ಪನ್ನು ನನ್ನ ಹೆಸರಿಗೆ ಬರೆಯಿರಿ. ಗೋಡೆಯ ಕಾಗದ ಕೀಳಿ. ನಮಗೆ ಕಲಿಸಿ, ಪರೀಕ್ಷೆ ಮಾಡಿ, ಪಾಸಾದವರ ಕೈಗೆ ಪ್ರೋಬ್ ಕೊಡಿ, ಫೇಲಾದವರಿಗೆ ಮತ್ತೆ ಕಲಿಸಿ. ಕಲಿಸುವವರು ನೀವಿಬ್ಬರು, ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ. ಬರುತ್ತೀರೋ ಇಲ್ಲವೋ ನೀವೇ ನಿರ್ಧರಿಸಿ. ನಾವಂತೂ ಏಳುವುದಿಲ್ಲ.

ನಿಮ್ಮಿಬ್ಬರ ವಿದ್ಯಾರ್ಥಿನಿ, ಯಾರ ಸ್ವತ್ತೂ ಅಲ್ಲದ
ಬುಗುರಿ


ನೆಲಮಹಡಿ
ಜುಲೈ ೨೨

ತಂಗಿ,

ಗೋಡೆಯ ಕಾಗದ ಕಿತ್ತು ವಾರಗಳಾದವು. ನಿನ್ನೆಯ ಮೊದಲ ಪಾಠದಲ್ಲಿ ನಾನೂ ನೀನೂ ಬಾಯಿಬಿಟ್ಟು ಮಾತಾಡಿದೆವು ಎಂದು ಅಮ್ಮನಿಗೆ ಹೇಳಬೇಡ. ಅದು ಪಾಠದ ಮಾತು, ಲೆಕ್ಕಕ್ಕಿಲ್ಲ. "ಪ್ರೋಬನ್ನು ಪೊರಕೆ ಹಿಡಿದ ಹಾಗೆ ಹಿಡಿಯಬೇಡಿ" ಎಂದು ನಾನು ಅಂದದ್ದಕ್ಕೆ ನೀನು, "ನಮ್ಮಕ್ಕ ಪೊರಕೆ ಹಿಡಿದದ್ದನ್ನು ಯಾರು ನೋಡಿದ್ದಾರೆ" ಅಂದೆ. ಎಲ್ಲರೂ ನಕ್ಕರು. ಅದನ್ನು ಮರೆತಿಲ್ಲ.

ನಾವಿಬ್ಬರೂ ಮಂಚದ ಮೇಲೆ ಮಲಗಿ ಕತ್ತು ಕೊಟ್ಟೆವಲ್ಲ, ಆಗ ಏನಾಯಿತು ನೋಡಿದೆಯಾ? ನೋಡಿರುತ್ತೀಯೆ, ಖುಷಿಪಟ್ಟಿರುತ್ತೀಯೆ. ನಿನ್ನದು ತೆಳ್ಳನೆ ಕತ್ತು, ನಾಳಗಳು ಕೈಗೆಟಕುವ ಹಾಗೆ ಮೇಲೇ ಇವೆ. ಎಲ್ಲರೂ ಬೆಲ್ಲಕ್ಕೆ ಮುತ್ತಿದ ಇರುವೆಯ ಹಾಗೆ ನಿನ್ನ ಮಂಚಕ್ಕೇ ಮುತ್ತಿದರು. ತಣ್ಣನೆ ಜೆಲ್ ಬಳಿದುಕೊಂಡು ನಾನು ಸೂರು ನೋಡುತ್ತ ಮಲಗಿದ್ದೆ. ಜೆಲ್ ಒಣಗಿತು, ಒಬ್ಬರೂ ಬರಲಿಲ್ಲ. ಈ ವಯಸ್ಸಿನಲ್ಲಿ ಕತ್ತಿನ ವಿಷಯಕ್ಕೂ ನಿನ್ನ ಮೇಲೆ ಹೊಟ್ಟೆ ಉರಿಸಿಕೊಳ್ಳುವಂತಾಯಿತು.

ಕೊನೆಗೆ ಬುಗುರಿ ಬಂದಳು. ಪ್ರೋಬಿಟ್ಟು ಅತ್ತ ಸರಿಸಿದಳು, ಇತ್ತ ಸರಿಸಿದಳು. ಬೆವರಿದಳು. "ಮೇಡಂ, ನಿಮ್ಮದು ಕಷ್ಟದ ಕತ್ತು" ಅಂದಳು. ಗಿಡ್ಡ, ದಪ್ಪ, ನಾಳ ಪಾತಾಳದಲ್ಲಿ. ಹಾಗಾದರೆ ಹೋಗಮ್ಮ, ಆ ಮಂಚಕ್ಕೆ ಹೋಗು ಅಂದೆ. "ಅಲ್ಲಿ ಯಾರಿಗೆ ಬೇಕಾದ್ರೂ ಕಾಣುತ್ತೆ. ನಿಮ್ಮದ್ರಲ್ಲಿ ಕಂಡ್ರೆ ಯಾರದ್ದರಲ್ಲಾದ್ರೂ ಕಾಣುತ್ತೆ" ಎಂದು ಸ್ಟೂಲೆಳೆದು ಕೂತೇಬಿಟ್ಟಳು. ನಿಮ್ಮ ಪಾಠ ಮುಗಿದು ದೀಪ ಆರಿಸುವವರೆಗೆ ಎದ್ದಿಲ್ಲ.

ಇವತ್ತು ಮಿಕ್ಕವರೂ ನನ್ನ ಮಂಚವನ್ನೇ ಕ್ಯೂ ಹಿಡಿದು ಕೇಳಿದ್ದಾರೆ. ಅದಕ್ಕೆ ಈ ಕಾಗದ. ಅಡುಗೆಮನೆಯಲ್ಲಿ ಅಮ್ಮನ ಮುಂದೆ ನೀನು, ನಾನೂ ಒಂದಿಷ್ಟು ದಪ್ಪಗಾಗಬೇಕು ಅಂದೆಯಂತೆ. ಬೇಡ. ಎಷ್ಟು ತಿಂದರೂ ನಿನ್ನದು ಸುಲಭದ ಕತ್ತೇ.

ಅಕ್ಕ